‘ನಾ ಎತ್ತಿನ ಪೈಕಿ, ಇಂಜಿನ್ ಪೈಕಿ ಅಲ್ಲ’

ಹಾನಗಲ್ಲ ತಾಲ್ಲೂಕಿನ ಒಂದು ದನದ ಕೊಟ್ಟಿಗೆ. ಒಳಗೆ ದನಗಳಿಲ್ಲ. ಇದ್ದ ಒಂದೇ ಹೋರಿ ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡು ಹಿರೇಕೆರೂರಿನ ಕಡೆ ಹೋರಿ ಬೆದರಿಸುವ ಸ್ಪರ್ಧೆಗೆ ಹೋಗಿದೆ. ಮೂಲೆಯಲ್ಲಿ ಕಬ್ಬಿಣದ ಹಳೆಯ ರೆಕ್ಕೆ ನೇಗಿಲು, ಅದರ ರೆಕ್ಕೆಯ ಅಡಿಯಲ್ಲೊಂದು ಕೋಳಿ. ಹೊರಗೆ ಎಚ್‌ಎಂಟಿ 2511 ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿದೆ. ಮನೆಯ ಮೊಮ್ಮಗನ ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಮೊಬೈಲು. ನೇಗಿಲನ್ನು ಟ್ರ್ಯಾಕ್ಟರಿಗೆ ಕಟ್ಟಿ ‘ಅಜ್ಜನ ನೇಗಿಲು, ಅಪ್ಪನ ಟ್ರ್ಯಾಕ್ಟರು’ ಎಂದು ರೀಲ್ಸ್ ಮಾಡುವ ಹುಮ್ಮಸ್ಸು ಅವನದು. ಈ ಜೋಡಿಗೆ ನೇಗಿಲಿನ ಒಪ್ಪಿಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಪತ್ರಿಕೆಯ ಪ್ರತಿನಿಧಿ ಒಳಗೆ ಹೋದರು.

ಪ್ರತಿನಿಧಿ: ಅಜ್ಜಾರ, ತಮ್ಮ ಪರಿಚಯ?

ನೇಗಿಲು: ಮೊದಲ ಮೈಮ್ಯಾಲಿನ ಸಗಣಿ ಒರಸು ತಮ್ಮಾ. ಎರಕದಾಗ ಉಬ್ಬಿ ಬಂದ ಹೆಸರು, ನಂಬರು ಕಾಣತಾವ. ಅದ ನಮ್ಮ ಆಧಾರ್ ಕಾರ್ಡು. ಈಗಿನ ಮಂದಿ ಗುರುತು ಹಿಡಿಯೂಕಿಂತ ಮೊದಲ ಬಣ್ಣ ಬಳೀತಾರ, ಆಮ್ಯಾಲೆ ‘ಇದು ಯಾವ ಕಂಪನೀದು’ ಅಂತ ನನ್ನ ಕೇಳತಾರ.

ಒರೆಸಿದಾಗ ಕಂಡ ಹೆಸರು ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಮಾಡುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸಿದ್ದು 1903ರಲ್ಲಿ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹತ್ತಿರ ಸುಳಿಯಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಸ್ಥಳಾಂತರವಾಯಿತು. ಆ ಜಾಗವೇ ಇಂದಿನ ಕಿರ್ಲೋಸ್ಕರವಾಡಿ.

ನೇಗಿಲು: ನನಗ ವಿಷ ಅಂದ್ರು! ಈಗ ಅದ ಹೊಲಕ್ಕ ಡಬ್ಬಿಗಟ್ಟಲೆ ಏನೇನೋ ಹೊಡೀತಾರ, ಅದಕ್ಕ ಮಾತ್ರ ಔಷಧ ಅಂತಾರ.

ಪ್ರತಿನಿಧಿ: ಹೆಸರು ಸವೆದು ಹೋಗಿದ್ದರೆ ಗುರುತು ಹೇಗೆ?

ನೇಗಿಲು: ಬೀಗತನ ಮಾಡೂ ಮೊದಲ ಮನೆತನ ನೋಡಂಗಿಲ್ಲೇನು? ನನ್ನ ಹಿಂದ ಮೇಣಿ ಐತಿ, ಮುಂದ ಹಲ್ಲುಹಲ್ಲಿನ ಕೊಂಡಿ ಐತಿ. ಮೇಣಿ ಇದ್ರ ಹಿಂದ ಮನಷ್ಯಾ ನಡೀಬೇಕು ಅಂತ ಅರ್ಥ. ನಾ ಎತ್ತಿನ ಪೈಕಿ. ಎರಡು ಮೂರು ಗಾಲಿ, ಹಗ್ಗ ಜಗ್ಗಿದ್ರ ಮ್ಯಾಲೇಳೂ ಲಿವರ್ ಇದ್ದಾಂವ ಟ್ರ್ಯಾಕ್ಟರಿನ ಡ್ರಾಬಾರಿಗೆ ಕಟ್ಟಿ ಎಳೆಯೂ ಪೈಕಿ. ಕೆಳಗೆರಡು, ಮ್ಯಾಲೊಂದು ಕಿವಿ ಇದ್ದಾಂವ ಲಿಫ್ಟಿನ ಪೈಕಿ. ಮೂರೂ ಮನಿ ಬ್ಯಾರೆ. ಸವಣೂರಿನ ಎರಿ ಹೊಲದಾಗ ಕರಿಕಿ ಕೀಳೂಮುಂದ ನನಗ ನಾಲ್ಕು ಜೋಡಿ ಎತ್ತು ಹೂಡತಿದ್ರು, ಆದ್ರೂ ನಾ ಎತ್ತಿನ ಮನಿಯಾಂವನ.

ಪ್ರತಿನಿಧಿ: ಹೊರಗೆ ನಿಂತವನು ಒಬ್ಬನೇ ಎಳೆಯುತ್ತಾನಲ್ಲ?

ನೇಗಿಲು: ಅವನ ಮ್ಯಾಲ ನನಗ ಸಿಟ್ಟಿಲ್ಲ, ಪಾಪ ಅವನೂ ಪರದೇಶಿ. ಬೆಂಗಳೂರಾಗ ಕೈಗಡಿಯಾರ ಮಾಡಿದ ಕಂಪನಿ 1971ರಾಗ ಜೆಕೊಸ್ಲೊವಾಕಿಯಾದ ಜೆಟರ್ ಜೋಡಿ ಸೇರಿ ಪಿಂಜೋರಿನ್ಯಾಗ ಟ್ರ್ಯಾಕ್ಟರ್ ಶುರು ಮಾಡ್ತು. 2016ರಾಗ ಅದನ್ನ ಮುಚ್ಚಾಕ ಕೇಂದ್ರ ಸಂಪುಟ ಸೈ ಅಂತು. ಆದ್ರ ಲೆಕ್ಕ ನೋಡು. ಒಂದು ಜೋಡಿ ಎತ್ತಿನ ಬಲ ಹೆಚ್ಚುಕಡಿಮಿ ಒಂದು ಎಚ್‌ಪಿ, ಇವಂದು 25. ಬೇರಿಗೆ ಸಿಕ್ಕರ ಎತ್ತು ನಿಂತು ಹಿಂದ ತಿರುಗಿ ನೋಡತೈತಿ. ಇಂಜಿನ್ನಿಗೆ ಆ ಬುದ್ಧಿ ಇಲ್ಲ. ನಾ ಬೀಡು ಕಬ್ಬಿಣ, ಬಗ್ಗಂಗಿಲ್ಲ, ಒಡೀತೀನಿ. ಮೇಣಿ ಹಿಡಿದಾಂವನ ಪಕ್ಕೆಲುಬೂ ನನ್ನ ಜೋಡೀನ.

ಅಷ್ಟರಲ್ಲಿ ಮೊಮ್ಮಗ ಸರಪಳಿಯನ್ನು ಟ್ರ್ಯಾಕ್ಟರಿನ ಟಾಪ್ ಲಿಂಕ್ ಸಿಕ್ಕಿಸುವ ಮೇಲಿನ ತೂತಿಗೆ ಹಾಕತೊಡಗಿದ. ನೇಗಿಲಿನ ದನಿ ಏರಿತು.

ನೇಗಿಲು: ಏ ಹುಡುಗಾ, ಅಲ್ಲಿ ಬ್ಯಾಡ! ತಮ್ಮಾ, ಅಂವ ಯಾಕ ಅಲ್ಲಿ ಕಟ್ಟತಾನ ಗೊತ್ತೇನು? ಎತ್ತಿನ ಹೆಗಲಿನ ಎತ್ತರ ನೋಡಿ ನನ್ನ ಮೂಗು ಹೊಂದಿಸ್ಯಾರ. ತಗ್ಗಿನ ಡ್ರಾಬಾರಿಗೆ ಕಟ್ಟಿದ್ರ ಮೂಗು ನೆಲಕ್ಕ ಕುಕ್ಕತೈತಿ, ನಾ ಆಳಕ್ಕ ಹೊಕ್ಕೋತೀನಿ. ನೆಟ್ಟಗಾಗಲಿ ಅಂತ ಇಂವ ಸರಪಳಿ ಮ್ಯಾಲ ಏರಿಸ್ತಾನ. ಅಲ್ಲೆ ಸಾವು ಕುಂತಿರತೈತಿ.

ಜಗ್ಗುವ ಬಿಂದು ಹಿಂದಿನ ಅಚ್ಚಿಗಿಂತ ಮೇಲಿದ್ದು ನೇಗಿಲು ಕಲ್ಲಿಗೆ ಸಿಕ್ಕರೆ, ಗಾಲಿ ತಿರುಗದೆ ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಿ ಮೂತಿ ಮೇಲೇಳುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವಾಗ ಮುಂದಿನ ಗಾಲಿ ಗಾಳಿಯಲ್ಲಿ ಆಡುವುದನ್ನು ಕಂಡು ಜನ ಸಿಳ್ಳೆ ಹೊಡೆಯುತ್ತಾರೆ. ಹೊಲದಲ್ಲಿ ಅದೇ ಆದರೆ ಚಾಲಕ ಅಡಿಯಲ್ಲಿ, ಟ್ರ್ಯಾಕ್ಟರ್ ಮೇಲೆ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಹೀಗೆಯೇ ಹಿಂದಕ್ಕೆ ಮಗುಚಿ ಹಲವರ ಪ್ರಾಣ ತೆಗೆದು ಕುಖ್ಯಾತವಾಗಿತ್ತು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಕೂಡಿಸಿದ ಮೂರು ಕೊಂಡಿಗಳ ಏರ್ಪಾಡಿನಲ್ಲಿ ಕೆಳಗಿನ ಎರಡು ತೋಳು ಎಳೆಯುತ್ತವೆ, ಮೇಲಿನದು ಮುಂದಕ್ಕೆ ಒತ್ತಿ ಮುಂಗಾಲಿಗಳನ್ನು ನೆಲದಲ್ಲಿ ಉಳಿಸುತ್ತದೆ. ಊರಿನವರು ‘ಮ್ಯಾಸ್ಸಿ’ ಎನ್ನುವ ಟ್ರ್ಯಾಕ್ಟರಿನ ಹೆಸರಿನ ಉಳಿದರ್ಧ ಅವನದೇ.

ಪ್ರತಿನಿಧಿ: ಹಾಗಾದರೆ ಮೂರು ಕಿವಿಯ ಹಳೆಯ ನೇಗಿಲು ತಂದರೆ ಚಿಂತೆಯಿಲ್ಲವೇ?

ನೇಗಿಲು: ಚಿಂತಿ ಪಿನ್ನಿನ್ಯಾಗ ಐತಿ. ಸಣ್ಣ ಟ್ರ್ಯಾಕ್ಟರಿನ ಕೆಳಗಿನ ಪಿನ್ನು 22 ಮಿಲಿಮೀಟರು, ದೊಡ್ಡದಕ್ಕ 28. ದೊಡ್ಡ ತೂತಿಗೆ ಸಣ್ಣ ಪಿನ್ನು ಹಾಕಿ ‘ನಡೀತೈತಿ ಬಿಡ್ರಿ’ ಅಂತಾರ. ಅದಕ್ಕೊಂದು ಮೊಳಿ, ಮೊಳಿಗೊಂದು ತಂತಿ. ಇನ್ನೊಬ್ಬಾಂವ ಟ್ರ್ಯಾಕ್ಟರಿಗೂ ನೇಗಿಲಿಗೂ ನಡುವ ನಿಂತು ‘ಬಾ ಬಾ, ಹಿಂದ ಬಾ’ ಅಂತ ಕೈ ಮಾಡತಾನ. ಯಮನ್ನ ಹಂಗ ಕರಿಯೂದು ನಾ ಇಲ್ಲೇ ನೋಡಿದ್ದು. ಇಂಜಿನ್ ಬಂದ್ ಮಾಡಿ, ಬ್ರೇಕ್ ಹಾಕಿ, ಆಮ್ಯಾಲೆ ನಡುವ ಬರಬೇಕು. ಬಿಡೂಮುಂದ ನೇಗಿಲ ನೆಲಕ್ಕ ಇಳಿಸಿ ಬಿಡಬೇಕು.

ಪ್ರತಿನಿಧಿ: ಶಿಗ್ಗಾವಿಯ ಗೊಟಗೋಡಿ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕನ್ನೆಲ್ಲ ಕಟ್ಟಿದ್ದಾರೆ. ಅಲ್ಲಿಗೆ ಹೋಗಬಾರದೇ?

ನೇಗಿಲು: ಅಲ್ಲಿ ಎತ್ತೂ ಸಿಮೆಂಟು, ರೈತನೂ ಸಿಮೆಂಟು. ಇಬ್ಬರಿಗೂ ಸಾಲ ಇಲ್ಲ, ಭಾಳ ಸುಖವಾಗಿ ಅದಾರ. ನಾ ಹೋಗಿ ಅವರ ನಿದ್ದಿ ಯಾಕ ಕೆಡಸಲಿ?

ಮೊಮ್ಮಗ ಸರಪಳಿ ಬಿಚ್ಚಿ ಒಳಗೆ ಬಂದ. ಹೂಡದಿದ್ದರೆ ಬೇಡ, ಅಂಗಳಕ್ಕಾದರೂ ತಂದು ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿ ಒಂದು ಫೋಟೋ ಎಂದು ಮೇಣಿಗೆ ಕೈ ಹಾಕಿದ. ರೆಕ್ಕೆಯ ಅಡಿಯಿಂದ ಕೋಳಿ ಅವನ ಕೈ ಕುಕ್ಕಿತು.

‘ಕಾವಿಗೆ ಕುಂತೈತಿ’ ಎಂದಿತು ನೇಗಿಲು. ‘21 ದಿನದ ಲೆಕ್ಕ, ಇನ್ನೂ ಒಂಬತ್ತು ಬಾಕಿ. ಅಲ್ಲೀತನಕ ನನಗ ಪುರಸೊತ್ತಿಲ್ಲ.’