ನೆಲ ಡೊಂಕೆನ್ನುವವರಿಗೆ ರೈಫಲ್ ಕೈಪಿಡಿ

ಅಭಿನಂದನೆಗಳು. ಗುರಿ ಅಭ್ಯಾಸ ಶುರು ಮಾಡಬೇಕೆಂದು ನೀವು ತೀರ್ಮಾನಿಸಿದ್ದೀರಿ. ಉಳಿದಿರುವುದು ಒಂದೇ ಪ್ರಶ್ನೆ: ಏರ್ ರೈಫಲ್ಲೋ, ಪಾಯಿಂಟ್ ಟೂ ಟೂ ರೈಫಲ್ಲೋ? ಈ ಕೈಪಿಡಿಯನ್ನು ಪೂರ್ತಿ ಓದಿ. ಆಮೇಲೆ ಮನೆಯವರನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಪೂರ್ವಾನುಭವ

ನನಗೆ ಅನುಭವವೇ ಇಲ್ಲ ಎಂದು ಅಂಜಬೇಕಿಲ್ಲ. ಜಾತ್ರೆಯಲ್ಲಿ ಬಲೂನು ಹೊಡೆದವರೆಲ್ಲ ಏರ್ ರೈಫಲ್ ಬಲ್ಲವರೇ. ಅಂಗಡಿಯವನು ನಳಿಗೆ ಮಡಚಿ, ಗುಂಡು ತುರುಕಿ, ಕೈಗೆ ಕೊಟ್ಟು, "ಸ್ವಲ್ಪ ಎಡಕ್ಕೆ ಹಿಡೀರಿ ಸಾರ್" ಅನ್ನುತ್ತಾನೆ. ನೀವು ಕೆಂಪು ಬಲೂನಿಗೆ ಗುರಿಯಿಟ್ಟು ಕುದುರೆ ಎಳೆಯುತ್ತೀರಿ. ಪಕ್ಕದ ಹಳದಿ ಬಲೂನು ಢಬ್ ಎನ್ನುತ್ತದೆ. "ನಾನು ಹಳದಿಗೇ ಇಟ್ಟಿದ್ದು" ಎಂದು ಜೊತೆಗಿರುವವರಿಗೆ ಹೇಳುತ್ತೀರಿ. ಈ ಕ್ರೀಡೆಗೆ ಬೇಕಾದ ಮುಖ್ಯ ಕೌಶಲ ನಿಮಗೆ ಅಲ್ಲೇ ಸಿದ್ಧಿಸಿದೆ.

ಹಂತ 1: ನೆಪವನ್ನು ಆರಿಸಿಕೊಳ್ಳಿ

ಅಂಗಡಿಗೆ ಹೋದರೆ ತೂಕ, ಬೆಲೆ, ನಳಿಗೆಯ ಉದ್ದ ಎಂದೆಲ್ಲ ವಿವರಿಸುತ್ತಾರೆ. ಅದು ಆಮೇಲಿನ ಮಾತು. ಗುರಿ ತಪ್ಪಿದಾಗ ಏನು ಹೇಳಬೇಕೆಂದಿದ್ದೀರಿ ಎಂಬುದು ಮೊದಲು ಇತ್ಯರ್ಥವಾಗಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಎರಡು ರೈಫಲ್‌ಗಳಲ್ಲಿ ಒಂದು ನಿಮಗೆ ಸಾಕಷ್ಟು ಡೊಂಕು ನೆಲ ಒದಗಿಸುತ್ತದೆ. ಇನ್ನೊಂದು ನೆಲಕ್ಕೆ ಟೈಲ್ಸ್ ಹಾಸಿ, ಮಟ್ಟ ನೋಡಿ, ಈಗ ಕುಣಿ ಎನ್ನುತ್ತದೆ.

ಪಾಯಿಂಟ್ ಟೂ ಟೂ ಮೊದಲನೆಯ ಜಾತಿ. ಸ್ಪರ್ಧೆಯಲ್ಲಿ 50 ಮೀಟರ್ ದೂರಕ್ಕೆ ಹೊಡೆಯುವುದು. ನಡುವಿನ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಗುಂಡಿಗೂ ನಿಮಗೂ ನಡುವೆ ಬಯಲಿದೆ, ಬಯಲಲ್ಲಿ ಗಾಳಿಯಿದೆ, ಮೋಡ ಸರಿದಂತೆಲ್ಲ ಬೆಳಕು ಬದಲಾಗುತ್ತದೆ. ಇದರ ಮೇಲೆ ತೋಟೆಯ ನೆಪ ಬೇರೆ. ಒಂದು ರೈಫಲ್‌ಗೆ ಒಗ್ಗಿದ ತೋಟೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಒಂದೇ ಕಂಪನಿಯ ಬೇರೆ ಬೇರೆ ಲಾಟ್‌ಗಳು ಒಂದೇ ನಳಿಗೆಯಲ್ಲಿ ಬೇರೆ ಬೇರೆ ಕಡೆ ಬೀಳುತ್ತವೆ. ಇದು ನೆಪವೂ ಹೌದು, ನಿಜವೂ ಹೌದು. ಅದಕ್ಕೇ ಇದರಷ್ಟು ಉತ್ತಮ ನೆಪ ಇನ್ನೊಂದಿಲ್ಲ.

ಏರ್ ರೈಫಲ್ ಎರಡನೆಯ ಜಾತಿ. ದೂರ 10 ಮೀಟರ್, ಮಾಡಿನ ಕೆಳಗೆ. ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಸಾಸಿವೆ ಕಾಳು ಅದರ ಮುಂದೆ ಕುಂಬಳಕಾಯಿ. ಗಾಳಿಯಿಲ್ಲ, ಮೋಡವಿಲ್ಲ. ಸ್ಪರ್ಧೆಯ ಏರ್ ರೈಫಲ್ ಹೊಡೆದಾಗ ಹೆಗಲಿಗೆ ಒದೆತವೂ ತಿಳಿಯುವುದಿಲ್ಲ. ಗುಂಡಿನ ವೇಗವೋ ಸೆಕೆಂಡಿಗೆ 170 ಮೀಟರ್ ಆಸುಪಾಸು, ಪಾಯಿಂಟ್ ಟೂ ಟೂ ಗುಂಡಿನದರ ಸುಮಾರು ಅರ್ಧ. ಅಂದರೆ ಕುದುರೆ ಎಳೆದ ಮೇಲೂ ಗುಂಡು ನಳಿಗೆಯೊಳಗೇ ಒಂದಿಷ್ಟು ಹೆಚ್ಚು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ನೀವು 'ಬಿತ್ತಾ?' ಎಂದು ತಲೆಯೆತ್ತಿದರೆ ಅದನ್ನೂ ಕಾಗದದ ಮೇಲೆ ಬರೆದಿಡುತ್ತದೆ. ಅಗ್ಗದ್ದು, ಮಕ್ಕಳದ್ದು ಎಂದು ಜನ ಹಗುರವಾಗಿ ಮಾತಾಡುವ ಈ ರೈಫಲ್ಲೇ ಎರಡರಲ್ಲಿ ಹೆಚ್ಚು ನಿಷ್ಠುರ ಮೇಷ್ಟ್ರು ಎಂಬುದು ನನ್ನ ಅಭಿಪ್ರಾಯ. ಬಾಕಿಯೆಲ್ಲ ಬರೀ ವಿವರ.

ಹಂತ 2: ಕಾಗದಪತ್ರ

ಏರ್ ರೈಫಲ್ 4.5 ಮಿಲಿಮೀಟರಿನದಾಗಿದ್ದು ಅದರ ಶಕ್ತಿ 20 ಜೂಲ್ ಮೀರದಿದ್ದರೆ ಪರವಾನಗಿ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳು ಹೀಗೆ ಹೇಳುತ್ತವೆ. ಗುರುತಿನ ಚೀಟಿ ಕೊಟ್ಟು, ರಸೀದಿ ಪಡೆದು ಮನೆಗೆ ತನ್ನಿ.

ಪಾಯಿಂಟ್ ಟೂ ಟೂ ಎಂದರೆ ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕು, ವಯಸ್ಸು 21 ತುಂಬಿರಬೇಕು. ಅದನ್ನು ಕೊಡುವವರು ಬೆಂಗಳೂರಲ್ಲಾದರೆ ಪೊಲೀಸ್ ಕಮಿಷನರ್, ಜಿಲ್ಲೆಯಲ್ಲಾದರೆ ಡಿಸಿ ಸಾಹೇಬರು. ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಠಾಣೆಯಿಂದ ಒಬ್ಬರು ಬರುತ್ತಾರೆ. ಕಾಫಿ ಕೊಡಿ.

"ಗನ್ ಯಾಕ್ ಸಾರ್ ನಿಮಗೆ?"

"ಗುರಿ ಅಭ್ಯಾಸಕ್ಕೆ."

"ಯಾರ ಮೇಲೆ ಸಾರ್?"

"ಕಾಗದದ ಮೇಲೆ."

ಲೋಟ ಕೆಳಗಿಟ್ಟು ಅವರು ನಿಮ್ಮನ್ನೊಮ್ಮೆ, ನಿಮ್ಮ ಮನೆಯವರನ್ನೊಮ್ಮೆ ನೋಡುತ್ತಾರೆ. ಈ ಹೊತ್ತಿನಲ್ಲಿ ನಗಬೇಡಿ.

ಹಂತ 3: ಕಾಯಿರಿ

ಹಂತ 4: ಹಂತ 3 ನೋಡಿ

ಪರವಾನಗಿ ಕೈಗೆ ಬಂತೆನ್ನಿ. 2019ರ ತಿದ್ದುಪಡಿಯಾದ ಮೇಲೆ ಅದರ ಅವಧಿ 5 ವರ್ಷ. ಈ 5 ವರ್ಷದಲ್ಲಿ ವಿಧಾನಸಭೆಯದೊಂದು, ಲೋಕಸಭೆಯದೊಂದು ಚುನಾವಣೆಯಾದರೂ ಬರುತ್ತದೆ. ದಿನಾಂಕ ಘೋಷಣೆಯಾದರೆ ಸಾಮಾನ್ಯವಾಗಿ ಬಂದೂಕನ್ನು ಠಾಣೆಗೊಪ್ಪಿಸಿ ರಸೀದಿ ತರಬೇಕಾಗುತ್ತದೆ. 'ಅಭ್ಯಾಸ ತಪ್ಪಿಹೋಯ್ತು, ಎಲೆಕ್ಷನ್ ಇತ್ತಲ್ಲ' ಎಂಬ ನೆಪ ಏರ್ ರೈಫಲ್‌ನವರಿಗೆ ಜನ್ಮದಲ್ಲಿ ಸಿಗುವುದಿಲ್ಲ.

ಕೊಡವರು ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರು ಈ ಎರಡೂ ಹಂತಗಳನ್ನು ಬಿಟ್ಟು ಓದಬಹುದು. ಕೋವಿ ಪರವಾನಗಿಯಿಂದ ಅವರಿಗಿರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಕಾಯಿ ಒಡೆಯಿತೋ ಇಲ್ಲವೋ ಎಂಬುದು ಇಡೀ ಊರಿಗೇ ಕಾಣುತ್ತದೆ. ಹೀಗಾಗಿ ಅಲ್ಲಿಯ ಗೆಳೆಯರಿಂದ ನೆಪ ಕಲಿಯುವುದು ಕಷ್ಟ.

ಭಾಗಗಳ ಪರಿಚಯ

ಅಗ್ಗದ ಏರ್ ರೈಫಲ್‌ನ ಹೊಟ್ಟೆಯಲ್ಲಿರುವುದು ಒಂದು ಸ್ಪ್ರಿಂಗು, ಒಂದು ಪಿಸ್ಟನ್. ನಳಿಗೆ ಮಡಚಿದರೆ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಕುದುರೆ ಎಳೆದರೆ ಪಿಸ್ಟನ್ ನುಗ್ಗಿ ಮುಂದಿನ ಗಾಳಿಯನ್ನು ಒತ್ತುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಗುಂಡೆಂದರೆ ಬುಡುಬುಡುಕೆಯ ಆಕಾರದ ಸೀಸದ ಚೂರು, ನಡು ಸಣ್ಣ. ಗುಂಡಿಲ್ಲದೆ ಸುಮ್ಮನೆ ಕುದುರೆ ಎಳೆಯಬೇಡಿ. ತಡೆಯುವ ಗಾಳಿಮೆತ್ತೆಯಿಲ್ಲದೆ ಪಿಸ್ಟನ್ ಹೋಗಿ ಗೋಡೆಗೆ ಬಡಿಯುತ್ತದೆ. ಇದರ ಒದೆತ ವಿಚಿತ್ರ: ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ. ಅದೂ ಗುಂಡು ಇನ್ನೂ ಒಳಗಿರುವಾಗಲೇ. ಅದುಮಿ ಹಿಡಿದಷ್ಟೂ ಎಡವಟ್ಟು. ಎಳೆಗೂಸನ್ನು ಎತ್ತಿಕೊಂಡ ಹಾಗೆ ಸಡಿಲವಾಗಿ ಹಿಡಿದು, ಅದು ಕುಣಿದಷ್ಟು ಕುಣಿಯಲಿ ಎಂದು ಬಿಡಬೇಕು. ಸಿಲಿಂಡರಿನಲ್ಲಿ ಗಾಳಿ ತುಂಬಿಸಿಟ್ಟುಕೊಳ್ಳುವ ದುಬಾರಿ ಜಾತಿಗೆ ಈ ರಗಳೆಯಿಲ್ಲ. ಅದಕ್ಕೆ ಪಂಪು ಹೊಡೆಯುವ ರಗಳೆ.

ಪಾಯಿಂಟ್ ಟೂ ಟೂ ತೋಟೆಯ ಗುಟ್ಟೆಲ್ಲ ಅಂಚಿನಲ್ಲಿದೆ. ಕಿಡಿ ಹೊತ್ತುವ ಮದ್ದು ತಳದ ಅಂಚಿನ ಮಡಿಕೆಯೊಳಗೆ, ಕರಿಗಡುಬಿನ ಅಂಚಿನಲ್ಲಿ ಹೂರಣ ಸಿಕ್ಕಿಕೊಂಡಂತೆ ಇರುತ್ತದೆ. ಸೂಜಿ ಬಂದು ಅಂಚನ್ನು ಜಜ್ಜಿದಾಗ ಹೊತ್ತುತ್ತದೆ. ಜಜ್ಜಿದ್ದು ಜಜ್ಜಿಯೇ ಹೋಯಿತು, ಆ ಕೊಳವೆಗೆ ಮತ್ತೆ ಮದ್ದು ತುಂಬುವ ಹಾಗಿಲ್ಲ. ಪ್ರತಿ ಹೊಡೆತಕ್ಕೂ ಹೊಸ ತೋಟೆ, ಹೊಸ ಖರ್ಚು, ಲೆಕ್ಕ.

ಎಚ್ಚರಿಕೆ (ತಮಾಷೆಯಲ್ಲ)

ಪಾಯಿಂಟ್ ಟೂ ಟೂ ಗುಂಡು ಒಂದೂವರೆ ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ರೇಂಜಿನಲ್ಲಿ, ಹಿಂದೆ ಮಣ್ಣಿನ ದಿಬ್ಬವಿದ್ದಾಗ ಮಾತ್ರ ಹೊಡೆಯಿರಿ. ಏರ್ ರೈಫಲ್ಲಿಗೂ ಕಣ್ಣು ಕಳೆಯುವ ಶಕ್ತಿಯಿದೆ. ಹಕ್ಕಿಯ ಕಡೆ, ಮಂಗನ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಕಾಯ್ದೆ ನಿಮ್ಮ ಕಡೆ ತಿರುಗುತ್ತದೆ. ಗುಂಡು ಸೀಸದ್ದು, ಅಭ್ಯಾಸ ಮುಗಿಸಿ ಸೋಪು ಹಚ್ಚಿ ಕೈ ತೊಳೆಯದೆ ಚಕ್ಕುಲಿ ಡಬ್ಬಕ್ಕೆ ಕೈ ಹಾಕಬೇಡಿ.

ತಾರಸಿಯ ಮೇಲೆ ಗ್ರಾನೈಟ್ ಚಪ್ಪಡಿಗೆ ಹಾಳೆ ಅಂಟಿಸಿ ಹೊಡೆಯಬೇಡಿ. ನಾನು ಹೊಡೆದಿದ್ದೇನೆ. ಗುಂಡು ಕಲ್ಲಿಗೆ ತಾಗಿ, ಒಣಗಲು ಹರವಿದ್ದ ಸಂಡಿಗೆಯ ಮೇಲೆ ಹಾದು, ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಠಣ್ ಎಂದು ಬಡಿಯಿತು. ಈಗ ರಟ್ಟಿನ ಪೆಟ್ಟಿಗೆಗೆ ಹಳೆಯ ಪೇಪರು ಒತ್ತಾಗಿ ತುಂಬಿ, ಪಡಸಾಲೆಯ ಕೊನೆಯಲ್ಲಿ ಗೋಡೆಗೆ ಆನಿಸಿ ಇಡುತ್ತೇನೆ, ಅತ್ತ ಕಡೆಯ ಬಾಗಿಲಿಗೆ ಚಿಲಕ ಹಾಕಿ.

ದೋಷ ನಿವಾರಣೆ

ದೋಷ: ಗುಂಡುಗಳೆಲ್ಲ ಒಂದೇ ಕಡೆ ಬೀಳುತ್ತಿವೆ, ಆದರೆ ಮಧ್ಯದಲ್ಲಲ್ಲ. ಇದು ದೋಷವಲ್ಲ, ಸಂಭ್ರಮ. ಗುರಿಕಣ್ಣಿನ ತಿರುಪು ನಾಲ್ಕು ಕ್ಲಿಕ್ ತಿರುಗಿಸಿ ನೋಡಿ.

ದೋಷ: ಗುರಿಕಣ್ಣೇ ಕದಲಿದೆ. ಈ ನೆಪ ಹೇಳುವ ಹಕ್ಕು ಒಬ್ಬರಿಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, 10 ಮೀಟರ್ ಏರ್ ರೈಫಲ್ ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಅಭಿನವ್ ಬಿಂದ್ರಾ ಹೊಡೆದ ಗುಂಡು ಹೋಗಿ ನಾಲ್ಕರ ಹತ್ತಿರ ಬಿತ್ತು. ಅವರು ಕ್ಲಿಕ್ ಎಣಿಸಿ ಸರಿಪಡಿಸಿಕೊಂಡು ಒಳಗೆ ಹೋದರು. ಕೊನೆಯ ಗುಂಡು 10.8, ಚಿನ್ನ. ಸಿಕ್ಕ ನೆಪವನ್ನು ಹೀಗೆ ಹಾಳು ಮಾಡಿದವರು ಇನ್ನೊಬ್ಬರಿಲ್ಲ. 50 ಮೀಟರಿನ ಕಡೆ, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮೂರು ಭಂಗಿಗಳ ರೈಫಲ್ ಸ್ಪರ್ಧೆಯಲ್ಲಿ ಕಂಚು ತಂದರು. ರೈಲ್ವೆಯ ಕೆಲಸ ಮಾಡಿಕೊಂಡು.

ದೋಷ: ನಾಲ್ಕು ಗುಂಡು ಒಂದೇ ತೂತಿನಲ್ಲಿ, ಐದನೆಯದು ಎಲ್ಲೋ. ಮೊನ್ನೆ ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಆದದ್ದೂ ಇದೇ. ಚಪ್ಪಟೆ ಮೂತಿಯ ಗುಂಡು ಕಾಗದವನ್ನು ಪಂಚಿಂಗ್ ಮಷೀನಿನ ಹಾಗೆ ದುಂಡಗೆ ಕತ್ತರಿಸುತ್ತದೆ. ನಾಲ್ಕು ಸೇರಿ ಒಂದು ಕಡಲೆಬೀಜದಷ್ಟು ತೂತು. ಐದನೆಯದು ಮೇಲೆ ಬಲಮೂಲೆಯಲ್ಲಿ, ಒಂಟಿಯಾಗಿ, ನೀಟಾಗಿ. ಮನೆಯವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ರೀ, ಇದೊಂದ್ಯಾಕೆ ಹೀಗೆ ಹೋಯ್ತು?"

"ಫ್ಯಾನ್ ಗಾಳಿ ಕಣೇ."

"ಬೆಳಗ್ಗೆಯಿಂದ ಕರೆಂಟೇ ಇಲ್ವಲ್ರೀ."