ಸಿಂಗಪುರಕ್ಕೆ ಬಂದ ರಾಯರು

ಬಾಣಂತನಕ್ಕೆಂದು ಬಂದವರು ಹೆಂಡತಿ. ಅವರ ಜೊತೆ ಹೆಚ್ಚುವರಿ ಲಗೇಜಿನಂತೆ ಬಂದವರು ರಾಯರು. ಬೆಂಗಳೂರಿನಿಂದ ಇಂಥ ರಾಯರು ವರ್ಷವಿಡೀ ಬರುತ್ತಲೇ ಇರುತ್ತಾರೆ: ಬ್ಯಾಂಕಿನಿಂದ ನಿವೃತ್ತಿ, ಹಣೆಗೆ ಅಕ್ಷತೆ, ವರ್ಷಪೂರ್ತಿ ಸೆಕೆಯಿರುವ ಊರಿನಲ್ಲೂ ಕೊರಳಿಗೆ ಮಫ್ಲರ್. ‘ಎಂಆರ್‌ಟಿ ರೈಲಿನಲ್ಲಿ ಎ.ಸಿ. ಜಾಸ್ತಿ’ ಎಂಬುದು ಅವರ ಸಮರ್ಥನೆ. ಮಗುವನ್ನು ಎತ್ತಿಕೊಳ್ಳಲು ಯಾರೂ ಬಿಡುವುದಿಲ್ಲ, ಟಿವಿ ಹಾಕಿದರೆ ಮಗು ಏಳುತ್ತದೆ. ಹೀಗಾಗಿ ರಾಯರಿಗೆ ಭಕ್ತಿ ಹೆಚ್ಚಾಗುತ್ತದೆ.

ಮೊದಲ ದಿನ ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್. ನಮ್ಮ ತಿಮ್ಮಪ್ಪನೇ ತಾನೆ, ಮುಜುಗರವಿಲ್ಲ. ಆದರೆ ಚಪ್ಪಲಿಯದೇ ಚಿಂತೆ. ಒಂದನ್ನು ಬಾಗಿಲ ಎಡಕ್ಕೆ, ಇನ್ನೊಂದನ್ನು ಹತ್ತು ಮಾರು ದೂರ ಬಿಡುವುದು ರಾಯರು ಇಡೀ ಜೀವಮಾನ ಪಾಲಿಸಿಕೊಂಡು ಬಂದ ಭದ್ರತಾ ವ್ಯವಸ್ಥೆ. ದರ್ಶನ ಮುಗಿಸಿ ಬಂದರೆ ಎರಡೂ ಮಾಯ! ‘ಇಲ್ಲೂ ಶುರುವಾಯ್ತಾ’ ಎಂದು ಗೊಣಗುತ್ತಾ ಬರಿಗಾಲಲ್ಲಿ ಕಾದ ನೆಲದ ಮೇಲೆ ಕುಣಿಯುತ್ತಾರೆ. ಯಾರೋ ಪುಣ್ಯಾತ್ಮರು ಎರಡನ್ನೂ ಜೋಡಿ ಮಾಡಿ ಗೋಡೆ ಬದಿ ನೀಟಾಗಿ ಇಟ್ಟಿರುತ್ತಾರೆ. ರಾಯರಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚು.

ಅರ್ಚನೆಯ ಹೊತ್ತಿನಲ್ಲಿ ಅವರನ್ನು ನೋಡಬೇಕು. ಅರ್ಚಕರು ಕೇಳುವುದು ಹೆಸರು, ನಕ್ಷತ್ರ. ರಾಯರು ಗೋತ್ರದಿಂದ ಹಿಡಿದು ಮಗ, ಸೊಸೆ, ಇನ್ನೂ ಹೆಸರಿಡದ ಕೂಸು, ಅಮೆರಿಕದ ಮಗಳು, ಅಳಿಯನ ತನಕ ಒಪ್ಪಿಸಿ, ಕೊನೆಗೆ ‘ಗ್ರೀನ್ ಕಾರ್ಡ್ ಪೆಂಡಿಂಗು’ ಎನ್ನುತ್ತಾರೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ. ಅರ್ಚನೆ ಚೀಟಿಯ ಡಾಲರನ್ನು ರೂಪಾಯಿಗೆ ಗುಣಿಸಿಕೊಂಡು ಖುಷಿಪಡುತ್ತಾರೆ, ಪುಣ್ಯವೂ ಅದೇ ದರದಲ್ಲಿ ಜಮಾ ಆಗುತ್ತದಲ್ಲ. ಹಾಗೇ ಮುಂದೆ ಕೋಮಲ ವಿಲಾಸದಲ್ಲಿ ದೋಸೆಯ ಬೆಲೆಯನ್ನೂ ಗುಣಿಸಿ, ಹಸಿವು ಸತ್ತು, ಕಾಫಿ ಮಾತ್ರ ಕುಡಿದು ಬರುತ್ತಾರೆ.

ಮೂರ್ನಾಲ್ಕು ದಿನಕ್ಕೆ ವಿಷ್ಣುವಿನ ಕೋಟಾ ಮುಗಿಯುತ್ತದೆ. ಆಗ ಬರುತ್ತದೆ ಮಾರಿಯಮ್ಮನ ಸರದಿ. ಊರಲ್ಲಿ ಮಾರಮ್ಮನ ಗುಡಿ ಎದುರಾದರೆ ಸ್ಕೂಟರಿನ ಮೇಲಿಂದಲೇ ಎದೆ ಮುಟ್ಟಿಕೊಂಡು ಹೋಗುತ್ತಿದ್ದವರು. ಯಾರಾದರೂ ನೋಡುತ್ತಿದ್ದರೆ ಅದೂ ಇಲ್ಲ. ಇಲ್ಲಿ ಚೈನಾಟೌನಿನಲ್ಲಿ ರೈಲಿಳಿದು, ಹಂದಿ ಮಾಂಸ ಸುಡುವ ಘಮಲಿಗೆ ಮೂಗಿನ ಮೇಲೆ ಮಫ್ಲರ್ ಹೊದ್ದು (ಕೊನೆಗೂ ಅದು ಉಪಯೋಗಕ್ಕೆ ಬಂತು), ಪಗೋಡಾ ಸ್ಟ್ರೀಟ್ ಹಾದು ಹೋಗುತ್ತಾರೆ. ಈ ಪಕ್ಕದಲ್ಲಿ ತಮಿಳು ಮುಸ್ಲಿಮರು ಕಟ್ಟಿಸಿದ ಜಾಮೆ ಮಸೀದಿ, ಆ ಪಕ್ಕದಲ್ಲಿ ಗೋಪುರ. 1819ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಜೊತೆ ಪೆನಾಂಗಿನಿಂದ ಬಂದ ನಾರಾಯಣ ಪಿಳ್ಳೆ 1827ರಲ್ಲಿ ಕಟ್ಟಿಸಿದ್ದು, ಈ ಊರಿನ ಅತಿ ಹಳೆಯ ಹಿಂದೂ ದೇವಸ್ಥಾನ. ರಾಯರು ಪಂಚೆ ಮಡಿಸಿ ಸಾಷ್ಟಾಂಗ ಬೀಳುತ್ತಾರೆ. ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ‘ಮಾರಮ್ಮನ ಗುಡೀಗಾ ಹೋಗಿದ್ದು?’ ಎಂದು ಮೈಸೂರಿನ ಅಕ್ಕ. ‘ಹೆರಿಟೇಜ್ ಟೆಂಪಲ್’ ಎಂದು ರಾಯರ ಉತ್ತರ. ಸಮುದ್ರ ದಾಟಿದರೆ ದೇವರ ಅಂತಸ್ತೂ ಏರುತ್ತದೆ ಎಂಬುದು ನನಗೆ ಅವರಿಂದಲೇ ತಿಳಿದದ್ದು.

ವಾಟರ್ಲೂ ಸ್ಟ್ರೀಟಿನ ಕೃಷ್ಣನ ಗುಡಿಯಲ್ಲಿ ಮಾತ್ರ ಪೆಟ್ಟು ಬೀಳುತ್ತದೆ. ಒಬ್ಬ ಚೀನೀ ಅಜ್ಜಿ ಊದುಬತ್ತಿ ಹಿಡಿದು ಕೃಷ್ಣನೆದುರು ಕಣ್ಣು ಮುಚ್ಚಿ ನಿಂತಿರುತ್ತಾರೆ. ಪ್ರದಕ್ಷಿಣೆ ಹೇಗೆಂದು ರಾಯರು ಕೈ ತಿರುಗಿಸಿ ಪಾಠ ಶುರು ಮಾಡಿದರೆ, ಅಜ್ಜಿ ಗಡಿಯಾರ ತೋರಿಸಿ, ‘ಅಂಕಲ್, ಕ್ಲೋಸಿಂಗ್ ಸೂನ್ ಲಾ, ಗೋ ಫಸ್ಟ್’ ಎಂದು ಅವರನ್ನೇ ಮುಂದೆ ತಳ್ಳುತ್ತಾರೆ. ಅಜ್ಜಿಯ ಹಿಂದೆಯೇ ರಾಯರು ಪಕ್ಕದ ಗುವಾನ್‌ಯಿನ್ ದೇವಿಯ ಗುಡಿಗೂ ನುಗ್ಗಿ, ಮಂಡಿನೋವು ಮರೆತು ಕೂತು, ಬಿದಿರಿನ ಡಬ್ಬಿ ಕುಲುಕತೊಡಗುತ್ತಾರೆ. ಕಡ್ಡಿಯೊಂದು ಹೊರಬಿದ್ದರೆ ಅದರ ನಂಬರಿನ ಭವಿಷ್ಯದ ಚೀಟಿ. ‘ನಮ್ಮಲ್ಲಿ ಬಲಗಡೆ ಹೂ ಬೀಳೋದನ್ನ ಕಾಯ್ತೀವಲ್ಲ, ಅದೇ ಇದು’ ಎಂದು ಶಾಸ್ತ್ರಾಧಾರವೂ ಸಿದ್ಧ. ಪ್ರಶ್ನೆ ಮಗನ ಪಿ.ಆರ್. (ಕಾಯಂ ವಾಸದ ಪರವಾನಗಿ) ಕುರಿತದ್ದು. ಮೊದಲ ಚೀಟಿ ಹಿಡಿಸದೆ ಇನ್ನೊಮ್ಮೆ ಕುಲುಕುತ್ತಾರೆ.

ದೀಪಾವಳಿಗೆ ಮುಂಚೆ ಮಾರಿಯಮ್ಮನ ಗುಡಿಯಲ್ಲಿ ದ್ರೌಪದಿಯ ಹೆಸರಲ್ಲಿ ತೀಮಿದಿ, ಅಂದರೆ ಕೆಂಡ ಹಾಯುವ ಸೇವೆ. ಭಕ್ತರು ಪೆರುಮಾಳ್ ಗುಡಿಯಿಂದ ಮೆರವಣಿಗೆಯಲ್ಲಿ ನಡೆದು ಬರುತ್ತಾರೆ. ರಾಯರು ಇಡೀ ರಾತ್ರಿ ನಿದ್ದೆಗೆಟ್ಟು, ಕಾಲ ತುದಿಯಲ್ಲಿ ನಿಂತು ನೋಡಿ, ವಿಡಿಯೋ ಮಾಡಿ, ಬೆಳಿಗ್ಗೆ ಎಲ್ಲರಿಗೂ ವರ್ಣಿಸಿದರು.

‘ಹಾಗಾದ್ರೆ ನಮ್ಮ ತಿಗಳರಪೇಟೆ ಕರಗಾನೂ ನೋಡಿರ್ಬೇಕಲ್ವೇ? ಅದೂ ದ್ರೌಪದೀದೇ’ ಎಂದೆ.

‘ಅಯ್ಯೋ, ಆ ರಶ್ಶಲ್ಲಿ ಯಾರ್ರೀ ಹೋಗ್ತಾರೆ’ ಎಂದರು ರಾಯರು, ‘ರಾತ್ರಿಯೆಲ್ಲ ನಿದ್ದೆ ಹಾಳು.’