ಬಾಸ್ಟನ್ನಿನ ರಾಜವಂಶೀಯರು

ಡಬ್ಲಿನ್ನಿನ ಕಿಲ್ಡೇರ್ ಬೀದಿಯಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ ಬಾಗಿಲು ತೆರೆಯುವುದಕ್ಕೆ ಮುನ್ನವೇ, ನಿನ್ನೆ ತಾನೆ ಕೊಂಡ ಉಣ್ಣೆಯ ಟೊಪ್ಪಿಗೆಯನ್ನು ಧರಿಸಿ, ಕಂಕುಳಲ್ಲಿ ದಪ್ಪನೆಯ ದಫ್ತರವನ್ನಿರುಕಿಕೊಂಡು, ಗಡಿಯಾರವನ್ನು ಕ್ಷಣಕ್ಷಣಕ್ಕೂ ನೋಡುತ್ತ ನಿಂತಿರುವ ಸ್ಥೂಲಕಾಯದ ವೃದ್ಧರೊಬ್ಬರನ್ನು ಕಂಡರೆ, ಅವರು ಪೂರ್ವಜರನ್ನರಸಿ ಬಂದಿರುವ ಬಾಸ್ಟನ್ನಿನ ಓಬ್ರಿಯನ್ನರೆಂದು ನಿಸ್ಸಂಶಯವಾಗಿ ತಿಳಿಯಬಹುದು. 1014ರಲ್ಲಿ ಕ್ಲಾಂಟಾರ್ಫ್ ರಣರಂಗದಲ್ಲಿ ಮಡಿದ ಬ್ರಯನ್ ಬೋರು ಮಹಾರಾಜನಿಂದ ತಮ್ಮ ತೀರ್ಥರೂಪರವರೆಗಿನ ವಂಶವೃಕ್ಷವನ್ನು ಊರಿನಲ್ಲಿಯೇ ಬರೆಯಿಸಿ, ಚೌಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ ಬಂದಿದ್ದಾರೆ. ನಡುವಿನ ಎಂಟುನೂರು ವರ್ಷಗಳ ರೆಂಬೆಗಳು ಮಾತ್ರ ಇನ್ನೂ ಚಿಗುರಬೇಕಾಗಿವೆ. ಇಂಥ ಅಲ್ಪ ಕೊರತೆಗೆ ಅವರು ಅಂಜುವವರಲ್ಲ.

ದಾಖಲೆಗಳಿಗಾದರೋ ದಾಕ್ಷಿಣ್ಯವೆಂಬುದಿಲ್ಲ. ತೆರಿಗೆಯ ನಿಮಿತ್ತವಾಗಿ ಗ್ರಿಫಿತ್ ಎಂಬ ಅಧಿಕಾರಿ 1847ರಿಂದ 1864ರವರೆಗೆ ಐರ್ಲೆಂಡಿನ ಹೊಲಮನೆಗಳಿಗೆಲ್ಲ ಬೆಲೆಕಟ್ಟಿಸಿ ಅಚ್ಚುಹಾಕಿಸಿದ ಸಂಪುಟಗಳನ್ನು ತೆರೆದರೆ, ಕ್ಲೇರ್ ಸೀಮೆಯಲ್ಲಿ ಸಿಂಹಾಸನವೊಂದೂ ಕಾಣದೆ, ಜಾನ್ ಓಬ್ರಿಯನ್ನನ ಕೆಳಗೆ ಮತ್ತೊಬ್ಬ ಜಾನ್ ಓಬ್ರಿಯನ್ನನು, ಪರರ ಭೂಮಿಯಲ್ಲಿ ಗೇಣಿದಾರನಾಗಿ, ಒಂದು ಮನೆ, ನಾಲ್ಕು ಎಕರೆಗಳೊಡನೆ ಪ್ರತ್ಯಕ್ಷನಾಗುತ್ತಾನೆ. ನಮ್ಮಲ್ಲಿರುವಂತೆಯೇ ಅಲ್ಲಿಯೂ ಚೊಚ್ಚಲು ಮಗನಿಗೆ ಅಜ್ಜನ ಹೆಸರಿಡುವ ವಾಡಿಕೆಯಿದ್ದುದರಿಂದ, ಒಂದೇ ಊರಿನ ಜಾನರಲ್ಲಿ ಯಾರ ಮೊಮ್ಮಗ ಯಾರೆಂಬುದು ಬ್ರಹ್ಮನಿಗೂ ಬಗೆಹರಿಯದು. ನಮ್ಮ ಮಹಾಶಯರಿಗೆ ಅದು ಸುಲಭವಾಗಿ ಬಗೆಹರಿಯುತ್ತದೆ: ಯಾವ ಜಾನನಿಗೆ ಹೆಚ್ಚು ಜಮೀನಿದೆಯೋ ಅವನೇ ಅವರ ಮುತ್ತಜ್ಜ. ಚರ್ಚಿನ ಪುಸ್ತಕದಲ್ಲಿ ಪಾದ್ರಿಗಳು ಲ್ಯಾಟಿನ್ ಸಂಪ್ರದಾಯದಂತೆ ಆ ಬಡಪಾಯಿಯನ್ನು ‘ಯೋಹಾನ್ನೆಸ್’ ಎಂದು ಬರೆದುದನ್ನು ಕಂಡ ದಿನವಂತೂ ಅವರಿಗೆ ಅರ್ಧ ರಾಜ್ಯವೇ ಕೈಗೆ ಬಂದಷ್ಟು ಹರ್ಷ.

ಇನ್ನರ್ಧ ರಾಜ್ಯವನ್ನು ಅಗ್ನಿದೇವನು ದಯಪಾಲಿಸಿದ್ದಾನೆ. 1922ರ ಜೂನ್ 30ರಂದು, ಅಂತರ್ಯುದ್ಧದ ಕೋಲಾಹಲದಲ್ಲಿ, ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲಾಲಯವು ಸ್ಫೋಟಕ್ಕೂ ಬೆಂಕಿಗೂ ಆಹುತಿಯಾಗಿ, ಶತಮಾನಗಳ ಕಾಗದಗಳು ಚೂರುಚೂರಾಗಿ ನಗರದ ಮೇಲೆ ಹಾರಾಡಿದವಷ್ಟೆ. ಇತಿಹಾಸಕಾರರು ಇಂದಿಗೂ ಕಣ್ಣೀರಿಡುವ ಈ ಅನಾಹುತ ಓಬ್ರಿಯನ್ನರ ಪಾಲಿಗೆ ಕಾಮಧೇನು. ಸಿಕ್ಕದ ಕಾಗದವೆಲ್ಲ ಅಲ್ಲಿ ಸುಟ್ಟಿತು, ಸುಟ್ಟುದೆಲ್ಲ ರಾಜಮುದ್ರೆಯುಳ್ಳದ್ದು. 1861, 1871ರ ಜನಗಣತಿಗಳನ್ನು ಸರ್ಕಾರವೇ ಹಾಳುಗೆಡವಿತೆಂದೂ, 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಹೋದುವೆಂದೂ ಗ್ರಂಥಪಾಲರು ವಿನಯದಿಂದ ಅರಿಕೆ ಮಾಡಿದರೆ ಅವರ ಮುಖ ಕಂದುತ್ತದೆ. ರಾಜಕುಮಾರರು ಬೆಂಕಿಯಲ್ಲಿ ಬೆಂದರೆನ್ನುವುದರಲ್ಲಿ ಒಂದು ಗೌರವವುಂಟು. ರದ್ದಿಗೆ ಬಿದ್ದರೆಂದರೆ ಬಾಸ್ಟನ್ನಿನಲ್ಲಿ ತಲೆಯೆತ್ತುವುದು ಹೇಗೆ?

ಉಳಿದಿರುವ 1901, 1911ರ ಗಣತಿಗಳಲ್ಲಿ ಅವರ ಅಜ್ಜಿ ಸಿಕ್ಕಿದರು. ಮೊದಲನೆಯದರಲ್ಲಿ ಆಕೆಗೆ ಐವತ್ತನಾಲ್ಕು, ಹತ್ತು ವರ್ಷಗಳ ತರುವಾಯ ಎಪ್ಪತ್ತಮೂರು! 1909ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲ್ಲಿಂಗುಗಳವರೆಗೆ ಪಿಂಚಣಿ ದೊರೆಯತೊಡಗಿತ್ತು. ಜನನಗಳ ಸರ್ಕಾರಿ ನೋಂದಣಿ 1864ಕ್ಕೆ ಮೊದಲು ಇರಲಿಲ್ಲವಾದ್ದರಿಂದ, ವಯಸ್ಸನ್ನು ಅಲ್ಲಗಳೆಯುವ ಸರ್ಕಾರಿ ಜನನಪತ್ರ ಈ ವೃದ್ಧರಿಗೆ ಇರಲಿಲ್ಲ. ಹೀಗಾಗಿ ಐರ್ಲೆಂಡಿನ ಎಷ್ಟೋ ಮಂದಿ ಮುದುಕಿಯರು ಅವಸರದಿಂದ ಮುಪ್ಪಾದರು. ಗ್ರಂಥಪಾಲರು ಈ ಗುಟ್ಟನ್ನು ಬಿಡಿಸಿ ಹೇಳುವಷ್ಟರಲ್ಲಿ ನಮ್ಮ ಮಹಾಶಯರು ಲೇಖನಿಯ ಮುಚ್ಚಳ ತೆಗೆದಾಗಿತ್ತು.

“ರಾಜರಕ್ತವೆಂದರೆ ಇದೇ ನೋಡಿ, ಸ್ವಾಮಿ,” ಎಂದರು ಬರೆದುಕೊಳ್ಳುತ್ತ, “ಸಾಮಾನ್ಯರ ಆಯುಷ್ಯಕ್ಕೆ ಇಷ್ಟು ವೇಗವೆಲ್ಲಿ ಬರಬೇಕು?”